ಚಿನ್ನದಂಚಾ, ಬಟ್ಟೆ ರಟ್ಟಾ?

ದಾಸ್ತೋಯೆವ್‌ಸ್ಕಿಯ ಕಾದಂಬರಿ 'ಕ್ರೈಮ್ ಅಂಡ್ ಪನಿಶ್‌ಮೆಂಟ್' ನನ್ನ ಹತ್ತಿರ ಎರಡು ಪ್ರತಿ ಇದೆ. ಒಂದೇ ಕಥೆಗೆ ಎರಡು ಪುಸ್ತಕ ಯಾಕೆ ಅಂತ ಮನೆಯಲ್ಲಿ ಕೇಳಿ ಕೇಳಿ ಬಿಟ್ಟಿದ್ದಾರೆ.

ಮೊದಲು ಬಂದದ್ದು ಅಮೆರಿಕದ ಪ್ರಕಾಶನ ಈಸ್ಟನ್ ಪ್ರೆಸ್‌ನದು. ತೊಗಲಿನ ರಟ್ಟು, ಬೆನ್ನ ಮೇಲೆ ಉಬ್ಬು ಪಟ್ಟಿ, ಹಾಳೆಗಳ ಮೂರು ಕಡೆಗೂ ಚಿನ್ನದಂಚು, ಒಳಗೆ ರೇಷ್ಮೆಯಂಥ ಹೊಳಪಿನ ಬಟ್ಟೆ, ಸಾಲದ್ದಕ್ಕೆ ರಿಬ್ಬನ್. ಸರಸ್ವತಿ ಪೂಜೆಗೆ ಅಮ್ಮ ಎತ್ತಿಕೊಂಡು ಹೋಗುವುದು ಇದನ್ನೇ. ಕೊಲೆ ಮಾಡಿದ ಕಥಾನಾಯಕ ರಾಸ್ಕೋಲ್ನಿಕೋವ್‌ನಿಗೆ ಪ್ರತಿ ವರ್ಷ ಕುಂಕುಮ!

ಎರಡನೆಯದು ಚರ್ಚ್ ಸ್ಟ್ರೀಟಿನಲ್ಲಿ ಮಳೆಗೆ ಅಂತ ಒಂದು ಹಳೇ ಪುಸ್ತಕದ ಅಂಗಡಿಗೆ ನುಗ್ಗಿದಾಗ ಸಿಕ್ಕಿದ್ದು. ಹೆರಿಟೇಜ್ ಪ್ರೆಸ್, ಬಟ್ಟೆ ರಟ್ಟು. ಬಿಡಿಸಿ ನೋಡಿದರೆ ಅವೇ ಚಿತ್ರಗಳು! ಫ್ರಿಟ್ಜ್ ಐಖೆನ್‌ಬರ್ಗ್ ಮರದಲ್ಲಿ ಕೆತ್ತಿ ಅಚ್ಚೊತ್ತಿದ್ದು. ಅಮೆರಿಕದ ಪ್ರಕಾಶಕ ಜಾರ್ಜ್ ಮೇಸಿ 1929ರಲ್ಲಿ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಶುರು ಮಾಡಿದ, ಒಂದೊಂದು ಪುಸ್ತಕಕ್ಕೆ ಸಾಮಾನ್ಯವಾಗಿ 1,500 ದುಬಾರಿ ಪ್ರತಿ ಅಷ್ಟೇ, ಆಮೇಲೆ 1935ರಲ್ಲಿ ಅಷ್ಟು ದುಡ್ಡಿಲ್ಲದವರಿಗೆ ಅಂತ ಹೆರಿಟೇಜ್ ಪ್ರೆಸ್ ತೆಗೆದ. ಈಸ್ಟನ್‌ನ ಎಷ್ಟೋ ಪುಸ್ತಕಗಳಲ್ಲಿ ಇರುವುದು ಮೇಸಿ ಬರೆಸಿದ ಚಿತ್ರಗಳೇ. ಇದು ಗೊತ್ತಾದಾಗ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಓದೋಕೆ ಯಾವುದು? ಬಟ್ಟೆಯದೇ. ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಬಹುದು, ಬೆವರು ಕೈ ತಾಗಿದರೂ ಜೀವ ಹೋಗುವುದಿಲ್ಲ. ತೊಗಲಿನದು ಮುಟ್ಟುವ ಮೊದಲು ನಾನು ಕೈ ತೊಳೆಯುತ್ತೇನೆ, ಅಲ್ಲಿಗೆ ಓದುವ ಮನಸ್ಸೇ ಅರ್ಧ ಹೋಗಿರುತ್ತದೆ. ಮೇಲಾಗಿ ನಮ್ಮ ಊರಿನ ಜುಲೈ–ಆಗಸ್ಟ್ ಇದೆಯಲ್ಲ, ಬಿಸಿಲಿಲ್ಲದೆ ಬಟ್ಟೆಯೇ ಒಣಗದ ದಿನಗಳು, ಆಗ ಹೊರಗೋಡೆಗೆ ಒತ್ತಿಕೊಂಡ ಕಪಾಟಿನಲ್ಲಿ ಇಟ್ಟು ನಾನೇ ತಪ್ಪು ಮಾಡಿದೆ: ತೊಗಲಿನ ಮೇಲೆ ಬಿಳಿ ಬೂಷ್ಟು. ಒಣ ಬಟ್ಟೆಯಲ್ಲಿ ಒರೆಸಿ, ಕಪಾಟನ್ನು ನಾಲ್ಕು ಬೆರಳು ಮುಂದೆ ಎಳೆದೆ. ಈಗ ಶೂ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನೂ ಎಸೆಯುವುದಿಲ್ಲ.

ಫೋಲಿಯೋ ಸೊಸೈಟಿ ಅಂತಲೂ ಒಂದಿದೆ. 1947ರಿಂದ ಇರುವ ಲಂಡನ್ನಿನ ಪ್ರಕಾಶನ. ಅವರ ಪುಸ್ತಕ ಗಟ್ಟಿ ಪೆಟ್ಟಿಗೆಯೊಳಗೆ ಕೂತಿರುತ್ತದೆ, ರಸ್ತೆ ಅಗೆತದ ಧೂಳಿಗೆ ಬೆನ್ನು ಮಾತ್ರ ಸಿಗುತ್ತದೆ. ಹೊಸ ಕಲಾವಿದರ ಚಿತ್ರ ಬೇಕು ಅನ್ನುವವರು ಇದನ್ನೇ ನೋಡಿ. ನನಗೆ ಐಖೆನ್‌ಬರ್ಗ್‌ನ ಆ ಕಪ್ಪು ಮೆಟ್ಟಿಲು, ಆ ಹೆದರಿದ ಕಣ್ಣುಗಳೇ ಸಾಕು.

ಒಂದನ್ನು ಮಾರು ಅಂದರೆ ತೊಗಲಿನದನ್ನು ಕೊಡುತ್ತೇನೆ. ಆದರೆ ಅಮ್ಮ ಬಿಡಬೇಕಲ್ಲ.