ನಮ್ಮ ಬಿಸಿಲಿಗೆ ಯಾವ ಎಂಜಿನ್ ಆಯಿಲ್? ಒಂದೇ ಪಿಕಪ್‌ನಲ್ಲಿ ಮೂರು ಗ್ರೇಡುಗಳ ಹೋಲಿಕೆ

ಗಂಗಾವತಿಯಲ್ಲಿ ನಾನು ಓಡಿಸುವ ಪಿಕಪ್ 2018ರಲ್ಲಿ ಕೊಂಡ, ಹೊಗೆ ನಿಯಮದ ಬಿಎಸ್-4 ಹಂತದ ಡೀಸೆಲ್ ಗಾಡಿ. ಕಾಮನ್ ರೇಲ್ ಎಂಜಿನ್, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇದೆ, ಫಿಲ್ಟರ್ ಸೇರಿ ಸುಮಾರು ಆರು ಲೀಟರ್ ಆಯಿಲ್ ಹಿಡಿಯುತ್ತದೆ. ವರ್ಷದ ಹೆಚ್ಚಿನ ತಿಂಗಳು ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳಿಂದ ಅಕ್ಕಿ ಚೀಲ ಹೇರಿಕೊಂಡು ಬಳ್ಳಾರಿ, ರಾಯಚೂರು, ಹೊಸಪೇಟೆಗೆ ಹೋಗುತ್ತೇನೆ. ಸುಗ್ಗಿಯಲ್ಲಿ ಹೊಲದಿಂದ ಮಿಲ್ಲಿಗೆ ಭತ್ತ, ಬೇಸಿಗೆಯಲ್ಲಿ ಕೊಪ್ಪಳದ ಕಡೆಯ ಮಾವು. 2021ರವರೆಗೆ ಆಯಿಲ್ ವಿಷಯದಲ್ಲಿ ನನಗೆ ಸ್ವಂತದ್ದೆಂಬ ಅಭಿಪ್ರಾಯವಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮೇಸ್ತ್ರಿ, "ಅಣ್ಣಾರ, ನಮ್ಮ ಬಿಸಲಿಗೆ ದಪ್ಪನ ಆಯಿಲೇ ಬೇಕ್ರಿ, ತೆಳ್ಳಂದು ಹಾಕಿದ್ರ ನೀರಾಗಿ ಹೋಗ್ತೈತಿ" ಎಂದರು. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮ ಅದೇ ವಾರ ಫೋನಿನಲ್ಲಿ, ಟರ್ಬೊ ಗಾಡಿಗೆ ಸಿಂಥೆಟಿಕ್ ಬಿಟ್ಟು ಬೇರೆ ಹಾಕಲೇಬಾರದು ಎಂದು ಹಟ ಹಿಡಿದ. ಗಾಡಿಯ ಜೊತೆ ಬಂದಿದ್ದ ಕೈಪಿಡಿಯಲ್ಲಿ ಮಾತ್ರ ಈ ಎರಡೂ ಇರಲಿಲ್ಲ. ಅಲ್ಲಿ ಬರೆದಿದ್ದುದು 15ಡಬ್ಲ್ಯು-40, ಎಪಿಐ ಸಿಐ-4 ಪ್ಲಸ್. ಮೊದಲನೆಯದು ಆಯಿಲಿನ ದಪ್ಪ ಹೇಳುವ ಗ್ರೇಡ್, ಎರಡನೆಯದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಗುಣಮಟ್ಟದ ದರ್ಜೆ. ಮೂರನ್ನೂ ಒಂದೇ ಗಾಡಿಯಲ್ಲಿ ಹಾಕಿಸಿ ನೋಡಿ, ಲೆಕ್ಕ ಬರೆದಿಡೋಣವೆಂದು ಅಂದೇ ನಿರ್ಧರಿಸಿದೆ.

ಡಬ್ಬಿಯ ಮೇಲಿನ ಅಂಕಿಗಳ ಅರ್ಥ ತಿಳಿಯದಿದ್ದರೆ ಹೋಲಿಕೆ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. 'ಡಬ್ಲ್ಯು' ಎಂದರೆ ಚಳಿಗಾಲ. 15ಡಬ್ಲ್ಯು ಎಂದರೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಎಂಜಿನ್ನನ್ನು ತಿರುಗಿಸಲು ಬಿಡುವಷ್ಟು ತೆಳುವಾಗಿ ಉಳಿಯುವ ಆಯಿಲ್. 5ಡಬ್ಲ್ಯು ಆದರೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ. ಲಡಾಖಿನಲ್ಲಿ ಗಾಡಿ ಓಡಿಸುವವರಿಗೆ ಈ ಅಂಕಿ ದೊಡ್ಡದು, ಜನವರಿಯ ನಸುಕಿನಲ್ಲಿಯೂ ಮೈಕೊರೆಯುವ ಚಳಿ ಕಾಣದ ನಮಗೆ ಅಷ್ಟಿಲ್ಲ. ಎರಡನೆಯ ಅಂಕಿಯೇ ನಮ್ಮದು. ಅದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಅಳತೆ, ಅದರ ಮಾನ ಸೆಂಟಿಸ್ಟೋಕ್: 30ರ ಗ್ರೇಡ್ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ, 40ರ ಗ್ರೇಡ್ 12.5ರಿಂದ 16.3ರೊಳಗೆ, 50ರ ಗ್ರೇಡ್ 16.3ರಿಂದ 21.9ರೊಳಗೆ ಇರಬೇಕು.

ಇಲ್ಲಿಯೇ ಮೇಸ್ತ್ರಿಯವರ ಮಾತಿನ ಬಲವೂ ದೌರ್ಬಲ್ಯವೂ ಇವೆ. ಹೊರಗಿನ ಬಿಸಿಲು 30 ಡಿಗ್ರಿಯಿಂದ 43ಕ್ಕೆ ಏರಿದರೂ ಎಂಜಿನ್ನಿನೊಳಗಿನ ಬಿಸಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ರೇಡಿಯೇಟರ್, ಥರ್ಮೋಸ್ಟಾಟ್ ಸರಿಯಾಗಿದ್ದರೆ ಕೂಲಂಟ್ ಬಿಸಿಯನ್ನು ಒಂದು ಮಿತಿಯಲ್ಲಿ ಹಿಡಿದಿಡುತ್ತವೆ. ತುಂಬಿದ ಲೋಡಿನಲ್ಲಿ, ಏರಿನಲ್ಲಿ, ಎದುರು ಗಾಳಿಯಲ್ಲಿ ಆಯಿಲ್ ಬಿಸಿ ಏರುವುದು ನಿಜ. ಆದರೆ ಅಷ್ಟನ್ನು ತಾಳುವಂತೆಯೇ 40ರ ಗ್ರೇಡನ್ನು ಕಂಪನಿಯವರು ಆರಿಸಿರುತ್ತಾರೆ.

ನನ್ನ ಪ್ರಯೋಗದ ಕ್ರಮ ಸರಳ. ಪ್ರತಿ ಸಲವೂ ಗಾಡಿಯನ್ನು ಬಿಸಿ ಮಾಡಿ, ಚೇಂಬರಿನ ಬೋಲ್ಟ್ ಬಿಚ್ಚಿ, ಹಳೆಯದು ಪೂರ್ತಿ ಇಳಿಯುವ ತನಕ ಕಾದು, ಒಂದೇ ಕಂಪನಿಯ ಹೊಸ ಆಯಿಲ್ ಫಿಲ್ಟರ್ ಹಾಕಿಸಿದೆ. ಪ್ರತಿ ಸೋಮವಾರ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಸಮನೆಲದಲ್ಲಿ ನಿಲ್ಲಿಸಿದಾಗಲೇ ಡಿಪ್‌ಸ್ಟಿಕ್ ನೋಡಿ ಬರೆದುಕೊಂಡೆ. ಡೀಸೆಲ್ ಲೆಕ್ಕವನ್ನು ಟ್ಯಾಂಕ್ ತುಂಬಿಸಿ ತುಂಬಿಸಿ ತೆಗೆದೆ. ಪ್ರಯೋಗಾಲಯದಲ್ಲಿ ಆಯಿಲ್ ಪರೀಕ್ಷೆ ಮಾಡಿಸಲಿಲ್ಲ. ಆದ್ದರಿಂದ ಎಂಜಿನ್ ಸವೆತದ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ, ಕಂಡದ್ದನ್ನು, ಕೇಳಿದ್ದನ್ನು, ಕೊಟ್ಟ ಹಣವನ್ನು ಮಾತ್ರ ಹೇಳುತ್ತೇನೆ.

ಕೈಪಿಡಿಯ 15ಡಬ್ಲ್ಯು-40 ಮಿನರಲ್ ಆಯಿಲನ್ನು, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಸಾಮಾನ್ಯ ಆಯಿಲನ್ನು, ಎರಡು ಸಲ ಹಾಕಿಸಿದೆ. ಬೆಳಗಿನ ಮೊದಲ ಚಾಲೂವಿನಲ್ಲಿ, ಎಂಜಿನ್ನಿನ ವಾಲ್ವ್ ತೆರೆಯುವ ಟ್ಯಾಪೆಟ್ ಸದ್ದು ಎರಡು ಮೂರು ಸೆಕೆಂಡ್ ಕೇಳಿಸಿ ಅಡಗುತ್ತಿತ್ತು. ಕೈಪಿಡಿ 10,000 ಕಿ.ಮೀ. ಎಂದಿದ್ದರೂ ನಮ್ಮ ಧೂಳು, ಮಿಲ್ಲಿನ ಮುಂದೆ ಎಂಜಿನ್ ಚಾಲೂ ಇಟ್ಟು ಸರದಿಯಲ್ಲಿ ನಿಲ್ಲುವುದು, ಎರಡನ್ನೂ ಲೆಕ್ಕಕ್ಕೆ ಹಿಡಿದು 8,000ಕ್ಕೆ ಇಳಿಸಿದೆ. ಅಷ್ಟರಲ್ಲಿ ಅರ್ಧ ಲೀಟರಿನಷ್ಟು ಮೇಲಿಂದ ಹಾಕಬೇಕಾಯಿತು. ಮೈಲೇಜ್ ಲೋಡಿನೊಂದಿಗೆ ಲೀಟರಿಗೆ 13.5 ಕಿ.ಮೀ. ಆಸುಪಾಸು. ಸಾವಿರ ಕಿ.ಮೀ. ಆಗುವಷ್ಟರಲ್ಲಿಯೇ ಆಯಿಲ್ ಕಪ್ಪಾಯಿತು. ಇದನ್ನು ಕಂಡು ಆಯಿಲ್ ಕೆಟ್ಟಿತೆಂದು ಗಾಬರಿಯಾಗುವವರು ನಮ್ಮ ಸ್ಟ್ಯಾಂಡಿನಲ್ಲಿ ಬಹಳ ಮಂದಿ ಇದ್ದಾರೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆ ಕಟ್ಟಲು ಬಿಡದೆ ತನ್ನೊಳಗೆ ಹರಡಿ ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಕಪ್ಪಾಗುವುದು ಆ ಕೆಲಸ ನಡೆಯುತ್ತಿದೆ ಎಂಬುದರ ಗುರುತು. ಸಿಂಥೆಟಿಕ್ ಕೂಡ ಹೆಚ್ಚುಕಡಿಮೆ ಅಷ್ಟೇ ಬೇಗ ಕಪ್ಪಾಯಿತು.

ಮೇಸ್ತ್ರಿ ಹೇಳಿದ ದಪ್ಪ ಆಯಿಲ್, 20ಡಬ್ಲ್ಯು-50, ಹಾಕಿಸಿದ ಮೊದಲ ದಿನ ನನಗೆ ನಿಜಕ್ಕೂ ಸಂತೋಷವಾಗಿತ್ತು. ಎಂಜಿನ್ ಸದ್ದು ಮೆತ್ತಗಾಯಿತು, ಗಾಡಿ ಗಟ್ಟಿಯಾಗಿ ಓಡುತ್ತಿದೆ ಎನ್ನಿಸಿತು. ಆದರೆ ಮರುದಿನ ಬೆಳಿಗ್ಗೆ ಆಯಿಲ್ ಪ್ರೆಷರ್ ದೀಪ ಆರುವುದು ಮೊದಲಿಗಿಂತ ತಡವಾಯಿತು; ಟ್ಯಾಪೆಟ್ ಸದ್ದೂ ಹೆಚ್ಚು ಹೊತ್ತು ಉಳಿಯಿತು. ಕಾರಣ ಹುಡುಕಿದಾಗ ಒಂದು ವಿಷಯ ಹೊಳೆಯಿತು. ಆಯಿಲ್ ಕಂಪನಿಗಳು ತಮ್ಮ ವಿವರ ಪತ್ರದಲ್ಲಿ 40 ಡಿಗ್ರಿಯಲ್ಲಿನ ದಪ್ಪವನ್ನೂ ಕೊಡುತ್ತವೆ. 15ಡಬ್ಲ್ಯು-40 ಆಯಿಲುಗಳು ಅಲ್ಲಿ ಸಾಮಾನ್ಯವಾಗಿ 110 ಸೆಂಟಿಸ್ಟೋಕ್ ಸುತ್ತಮುತ್ತ ಇದ್ದರೆ 20ಡಬ್ಲ್ಯು-50 ಆಯಿಲುಗಳು 160 ಸುತ್ತಮುತ್ತ ಇರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯಿಡೀ ಅಂಗಳದಲ್ಲಿ ನಿಂತ ನಮ್ಮ ಗಾಡಿಯ ಆಯಿಲ್ ಬೆಳಿಗ್ಗೆ 28, 30 ಡಿಗ್ರಿಯಲ್ಲಿರುತ್ತದೆ, ಅಂದರೆ ಆ 40ರ ಅಳತೆಗಿಂತಲೂ ದಪ್ಪವಾಗಿರುತ್ತದೆ. ನಮ್ಮ ಬಿಸಿಲಿನ ನಾಡಿನಲ್ಲಿಯೂ ಎಂಜಿನ್ನಿಗೆ ಪ್ರತಿ ಬೆಳಿಗ್ಗೆ ಆಯಿಲ್ ದಪ್ಪವೇ. ಟರ್ಬೊ ತನಕ ಅದು ಬೇಗ ಮುಟ್ಟಬೇಕಾದದ್ದೂ ಆಗಲೇ. ಬಿಸಿಯಾದ ಮೇಲೆ ಮೈಲೇಜ್ ಲೀಟರಿಗೆ ಅರ್ಧ ಕಿ.ಮೀ.ಯಷ್ಟು ಕಡಿಮೆಯಾದಂತೆ ನನ್ನ ಪುಸ್ತಕದಲ್ಲಿದೆ, ಆದರೆ ಲೋಡು ಮತ್ತು ಗಾಳಿಯ ವ್ಯತ್ಯಾಸವೇ ಅಷ್ಟಾಗಬಹುದು, ಅದನ್ನು ಮುಂದೆ ಮಾಡಿ ವಾದಿಸುವುದಿಲ್ಲ. ಒಳ್ಳೆಯದನ್ನೂ ಹೇಳಬೇಕು: ಮೇಲಿಂದ ಹಾಕಬೇಕಾದ ಆಯಿಲ್ ಬಹಳ ಕಡಿಮೆಯಾಯಿತು. ರಿಂಗ್ ಸವೆದು ಆಯಿಲ್ ಕುಡಿಯುವ ಹಳೆಯ ಎಂಜಿನ್ನಿಗೆ, ರಿಪೇರಿ ಮಾಡಿಸುವ ತನಕ, ಅದು ಉಪಯೋಗಕ್ಕೆ ಬಂದೀತು.

ಇದಕ್ಕಿಂತ ದೊಡ್ಡ ತಪ್ಪು ಡಬ್ಬಿಯ ಹಿಂಬದಿಯಲ್ಲಿತ್ತು, ನಾನು ಓದಿದ್ದು ತಡವಾಗಿ. ಗ್ರೇಡನ್ನಷ್ಟೇ ನೋಡಿದ್ದ ನಾನು ದರ್ಜೆಯನ್ನು ನೋಡಿರಲಿಲ್ಲ, ಅದು ಸಿಎಫ್-4. ಆ ದರ್ಜೆ 1990ರ ಎಂಜಿನ್ನುಗಳಿಗಾಗಿ ಬಂದದ್ದು. ಸಿಐ-4 ಬಂದದ್ದು 2002ರಲ್ಲಿ, ಸೈಲೆನ್ಸರಿನ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಇಜಿಆರ್ ವ್ಯವಸ್ಥೆಯಿಂದ ಹೆಚ್ಚುವ ಮಸಿಯನ್ನು ತಾಳುವುದಕ್ಕಾಗಿ. ನನ್ನ ಗಾಡಿಯಲ್ಲಿ ಇಜಿಆರ್ ಇದೆ. 5,000 ಕಿ.ಮೀ. ಆಗುತ್ತಲೇ ಅದನ್ನು ಇಳಿಸಿಬಿಟ್ಟೆ.

ಮೂರನೆಯದು ತಮ್ಮ ಹೇಳಿದ ಸಿಂಥೆಟಿಕ್, ಅಂದರೆ ಕಾರ್ಖಾನೆಯಲ್ಲಿ ಹೆಚ್ಚಿನ ಸಂಸ್ಕರಣೆಯಿಂದ ತಯಾರಿಸಿದ ಆಯಿಲ್. ಗ್ರೇಡ್ 5ಡಬ್ಲ್ಯು-40, ದರ್ಜೆ ಕೈಪಿಡಿ ಕೇಳಿದ್ದೇ. ಎರಡು ಸಲ ಹಾಕಿಸಿದೆ. ಬಿಸಿಯಲ್ಲಿ ಇದೂ ಮಿನರಲ್ ಆಯಿಲೂ ಒಂದೇ 40ರ ಗ್ರೇಡ್, ಆದ್ದರಿಂದ ತೆಳು ಎಂಬ ಭಯಕ್ಕೆ ಅರ್ಥವಿಲ್ಲ. ಬೆಳಗಿನ ಚಾಲೂವಿನಲ್ಲಿ ಟ್ಯಾಪೆಟ್ ಸದ್ದು ಕೇಳಿಸಿತೋ ಇಲ್ಲವೋ ಎನ್ನುವಷ್ಟು ಬೇಗ ಅಡಗಿತು. 10,000 ಕಿ.ಮೀ.ಗೆ ಮೇಲಿಂದ ಹಾಕಿದ್ದು ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ ಒಳಗಿನ ಲೋಹ ಮಿನರಲ್ ಆಯಿಲಿನ ದಿನಗಳಿಗಿಂತ ಸ್ವಚ್ಛವಾಗಿ ಕಂಡಿತು. ಬಿಸಿಯಲ್ಲಿ ಗಾಳಿಯೊಂದಿಗೆ ಬೆರೆತು ಹಳಸುವುದನ್ನು ಸಿಂಥೆಟಿಕ್ ಹೆಚ್ಚು ಕಾಲ ತಡೆಯುತ್ತದೆ. ಲೋಡು ಎಳೆದು ಬಂದ ಕೂಡಲೇ ಕೀ ತಿರುಗಿಸಿ ಬಂದ್ ಮಾಡುವ ಚಟವಿದ್ದವರ ಟರ್ಬೊದಲ್ಲಿ ಆಯಿಲ್ ಸುಟ್ಟು ಕರಕಾಗುವುದನ್ನು ಅದು ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಬಂದ್ ಮಾಡುವ ಮೊದಲು ಒಂದು ನಿಮಿಷ ಎಂಜಿನ್ನನ್ನು ನಿಧಾನದಲ್ಲಿ ಬಿಡುವುದು ಅದಕ್ಕಿಂತ ಅಗ್ಗದ ಕಾವಲು, ಅದನ್ನು ನಾನು ಯಾವ ಆಯಿಲ್ ಇದ್ದರೂ ಬಿಟ್ಟಿಲ್ಲ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬಳಿ ಜಿನುಗು ಕಾಣಿಸಿದ್ದು ಈ ಆಯಿಲಿನ ಕಾಲದಲ್ಲಿಯೇ, ಆದರೆ ಪ್ಯಾಕಿಂಗ್ ಗಟ್ಟಿಯಾಗಿ ಬಿರಿದಿತ್ತು; ದೋಷ ಆಯಿಲಿನದಲ್ಲ.

ಖರ್ಚು ಹೀಗೆ ಬಂತು. ಫಿಲ್ಟರಿಗೆ 300 ರೂಪಾಯಿ ಹಿಡಿದರೆ, ಲೀಟರಿಗೆ 350ರ ಮಿನರಲ್ ಆಯಿಲ್ 8,000 ಕಿ.ಮೀ.ಗೆ 2,400 ರೂಪಾಯಿ, ಕಿಲೋಮೀಟರಿಗೆ 30 ಪೈಸೆ. ಲೀಟರಿಗೆ 750ರ ಸಿಂಥೆಟಿಕ್ 10,000 ಕಿ.ಮೀ.ಗೆ 4,800 ರೂಪಾಯಿ, ಕಿಲೋಮೀಟರಿಗೆ 48 ಪೈಸೆ. ಎಲ್ಲಕ್ಕಿಂತ ಅಗ್ಗವೆಂದು 320ಕ್ಕೆ ತಂದ ದಪ್ಪ ಆಯಿಲ್ ಬೇಗ ಇಳಿಸಬೇಕಾಗಿ ಬಂದದ್ದರಿಂದ 44 ಪೈಸೆಗೆ ಬಿತ್ತು.

ಒಂದು ಮಾತನ್ನು ಇಲ್ಲಿ ಮರೆಮಾಚಬಾರದು. ಮಿನರಲ್ ಆಯಿಲಿನ ಮೊದಲ ಸರದಿ ನವೆಂಬರ್, ಡಿಸೆಂಬರ್ ಸುಗ್ಗಿಯಲ್ಲಿ ಬಂತು. ಕಟಾವು ಯಂತ್ರಗಳ ಹಿಂದೆ ಹೊಲದ ದಾರಿಯಲ್ಲಿ ಓಡಾಡಿದ ಆ ಆರು ವಾರದಲ್ಲಿ ಏರ್ ಫಿಲ್ಟರ್ ಕಟ್ಟಿಹೋಗಿತ್ತು, ಅದರ ರಬ್ಬರ್ ಅಂಚು ಒಂದು ಕಡೆ ಕುಳಿತಿರಲಿಲ್ಲ. ಮೇಲಿಂದ ಹಾಕಿದ ಅರ್ಧ ಲೀಟರಿನಲ್ಲಿ ಹೆಚ್ಚಿನದು ಆಗಲೇ ಹೋದದ್ದು. ಎರಡನೆಯ ಸರದಿಯಲ್ಲಿ ಫಿಲ್ಟರ್ ಸರಿಯಾಗಿದ್ದಾಗ ಮಿನರಲ್ಲೂ ಸಿಂಥೆಟಿಕ್ಕೂ ಬಹುತೇಕ ಸಮನಾದವು. ಏರ್ ಫಿಲ್ಟರ್ ದಾಟಿ ಎಂಜಿನ್ನಿನೊಳಗೆ ಹೋದ ಮಣ್ಣಿನ ಕಣಕ್ಕೆ ಯಾವ ಬೆಲೆಯ ಆಯಿಲೂ ಮದ್ದಲ್ಲ. ಸಂಡೂರಿನ ಅದಿರಿನ ದಾರಿಯಲ್ಲಿ ಓಡುವವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಬ್ರ್ಯಾಂಡ್ ಯಾವುದು ಎಂದು ಕೇಳುವವರಿಗೆ: ಸರ್ವೊ, ಮ್ಯಾಕ್, ಹೆಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್ ಎಲ್ಲವೂ ನಮ್ಮಲ್ಲಿ ಸಿಗುತ್ತವೆ, ಗ್ರೇಡೂ ದರ್ಜೆಯೂ ಸರಿಯಿದ್ದರೆ ಹೆಸರಿಗಾಗಿ ನಾನು ಜಗಳವಾಡುವುದಿಲ್ಲ. ಸೀಲ್ ಇರುವ ಡಬ್ಬಿಯೇ ಬೇಕೆಂಬುದಕ್ಕಾಗಿ ಮಾತ್ರ ಆಡುತ್ತೇನೆ. ಒಮ್ಮೆ ರಸ್ತೆ ಬದಿಯ ಅಂಗಡಿಯಲ್ಲಿ ಬ್ಯಾರಲ್‌ನಿಂದ ಅಳೆದು ಕೊಟ್ಟ ಆಯಿಲ್ ಎರಡು ಲೀಟರ್ ಬೆರೆಸಿ, ಬಿಸಿ ಎಂಜಿನ್ನಿನಲ್ಲಿ ಪ್ರೆಷರ್ ದೀಪ ಮಿನುಗುವುದನ್ನು ಕಂಡಿದ್ದೇನೆ. ಖಾಲಿ ಡಬ್ಬಿಗೂ ತೂತು ಹೊಡೆದೇ ಗುಜರಿಗೆ ಹಾಕುತ್ತೇನೆ, ಇಲ್ಲವಾದರೆ ಅದೇ ಡಬ್ಬಿ ಮತ್ತೆ ತುಂಬಿಕೊಂಡು ಯಾರ ಗಾಡಿಗೋ ಬರುತ್ತದೆ.

ಬಿಎಸ್-6 ಗಾಡಿಯಿದ್ದವರಿಗೆ ಈ ಲೆಕ್ಕವೆಲ್ಲ ಅನ್ವಯಿಸುವುದಿಲ್ಲ. ಸಿಂಧನೂರಿನ ನನ್ನ ಅಕ್ಕನ ಮಗ ಗೊಬ್ಬರದ ಚೀಲ ಹೇರುವ ಹೊಸ ಪಿಕಪ್ ತಂದಾಗ, "ಮಾವಾ, ನಿನ್ ಡಬ್ಬ್ಯಾಗ ಉಳಿದಿದ್ದು ನನ್ ಗಾಡಿಗೆ ಹಾಕ್ಲೇನು?" ಎಂದು ಕೇಳಿದ್ದ. ಬೇಡವೆಂದೆ. 2020ರ ಏಪ್ರಿಲ್ 1ರಿಂದ ಬಂದ ಇಂಥ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇರುತ್ತದೆ. ಹಿಡಿದ ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ, ಆಯಿಲಿನ ಮಿಶ್ರಣಗಳಿಂದ ಬರುವ ಬೂದಿಯನ್ನು ಸುಡಲಾರದು, ಅದು ಅಲ್ಲೇ ಕೂಡುತ್ತಾ ಹೋಗುತ್ತದೆ. ಹೀಗಾಗಿ ಬೂದಿ ಅಂಶ ನೂರಕ್ಕೆ ಒಂದನ್ನು ಮೀರದ ಎಪಿಐ ಸಿಕೆ-4 ದರ್ಜೆ, ಅಥವಾ 0.8ನ್ನು ಮೀರದ, ಯುರೋಪಿನ ಎಸಿಇಎ ಸಿ3 ದರ್ಜೆ, ಇವುಗಳಲ್ಲಿ ಕೈಪಿಡಿ ಹೇಳಿದ್ದೇ ಬೇಕು. ಅಲ್ಲಿ 5ಡಬ್ಲ್ಯು-30 ಎಂದಿದ್ದರೆ ಬಿಸಿಲಿನ ನೆಪ ಹೇಳಿ ದಪ್ಪ ಹಾಕಿಸಬಾರದು. ಹಳ್ಳಿಯಿಂದ ಹಳ್ಳಿಗೆ ಮೂರು ನಾಲ್ಕು ಕಿ.ಮೀ. ಓಡಿ ನಿಲ್ಲುವ ಅವನ ಗಾಡಿಗೆ ಇನ್ನೊಂದು ತೊಂದರೆಯಿದೆ. ಮಸಿ ಸುಡಲು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್, ಸುಡುವುದು ಮುಗಿಯುವ ಮೊದಲೇ ಗಾಡಿ ಬಂದ್ ಆಗುತ್ತಿದ್ದರೆ, ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ನಾವು ಡಿಪ್‌ಸ್ಟಿಕ್ ನೋಡುವುದು ಆಯಿಲ್ ಇಳಿದಿದೆಯೇ ಎಂದು. ಅವನು ನೋಡಬೇಕಾದದ್ದು ಏರಿದೆಯೇ ಎಂದು.

ಈಗ ನನ್ನ ಗಾಡಿಯಲ್ಲಿರುವುದು 15ಡಬ್ಲ್ಯು-40 ಸಿಐ-4 ಪ್ಲಸ್ ಮಿನರಲ್ ಆಯಿಲೇ. ಉಳಿಯುವ ಹಣದಲ್ಲಿ ಸುಗ್ಗಿಗೆ ಮೊದಲೊಂದು, ನಂತರವೊಂದು ಹೊಸ ಏರ್ ಫಿಲ್ಟರ್ ಹಾಕಿಸುತ್ತೇನೆ. ಹಗಲಿರುಳು ಹೈದರಾಬಾದ್, ಬೆಂಗಳೂರು ಎಂದು ಓಡುವ, ಗ್ಯಾರೇಜಿಗೆ ಬರಲು ಬಿಡುವಿಲ್ಲದ ಗಾಡಿ ನನ್ನದಾಗಿದ್ದರೆ 5ಡಬ್ಲ್ಯು-40ಕ್ಕೆ ಆ ಹದಿನೆಂಟು ಪೈಸೆ ಹೆಚ್ಚು ಕೊಡುತ್ತಿದ್ದೆ.