ರಜೆಗೆ ಮಕ್ಕಳನ್ನು ಯಾವ ಲೈಬ್ರರಿಗೆ ಕಳಿಸೋದು: ಧಾರವಾಡದ್ದೋ, ಊರಿನದ್ದೋ?

ಅಕ್ಕಾ, ಮನೆ ಧಾರವಾಡದಲ್ಲಿ, ತವರು ಕುಂದಗೋಳದ ಕಡೆ ಹಳ್ಳಿಯಲ್ಲಿ ಅಂದಿರಿ. ಎರಡೂ ಕಡೆ ಲೈಬ್ರರಿ ಇದೆ, ಮಕ್ಕಳನ್ನು ಎಲ್ಲಿಗೆ ಕಳಿಸಲಿ ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ದುಡ್ಡಿನ ಮಾತು. ಪೇಟೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದೋದು ಪುಕ್ಕಟೆ. ಪುಸ್ತಕ ಮನೆಗೆ ಒಯ್ಯಬೇಕಾದರೆ ಠೇವಣಿ ಇಡಬೇಕು. ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ, 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಡಿ, 6ರಿಂದ 18 ವರ್ಷದವರಿಗೆ ಸದಸ್ಯತ್ವವೇ ಉಚಿತ.

ಪುಸ್ತಕ ಜಾಸ್ತಿ ಸಿಗೋದು ಪೇಟೆಯಲ್ಲೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಚಟುವಟಿಕೆ? ಇಲ್ಲಿ ನನ್ನ ಒಲವು ಹಳ್ಳಿ ಕಡೆಗೆ. ಪೇಟೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಉಸಿರು ಬಿಡದೆ ಕೂತಿರುತ್ತಾರೆ. ಮಗು ಜೋರಾಗಿ ನಕ್ಕರೂ ನಾಲ್ಕು ತಲೆ ತಿರುಗುತ್ತವೆ. ನಮ್ಮೂರಿನ ಅರಿವು ಕೇಂದ್ರದಲ್ಲಿ (ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ಇದೇ ಹೆಸರು) ಚಾಪೆ ಮೇಲೆ ಒಬ್ಬಳು ಕಥೆ ಗಟ್ಟಿಯಾಗಿ ಓದುತ್ತಿದ್ದಳು, ಪಕ್ಕದಲ್ಲೇ ಇಬ್ಬರು ಕೇರಂ ಪಾನಿಗೆ ಜಗಳ ಆಡುತ್ತಿದ್ದರು. ಮೇಲ್ವಿಚಾರಕರು ಸುಮ್ನೆ ನಗುತ್ತಿದ್ದರು. ಅವರು ಹುರುಪಿನವರಾದರೆ ಚಿತ್ರ, ಕ್ವಿಜ್, ಚೆಸ್ ಎಲ್ಲಾ ನಡೆಯುತ್ತದೆ. ಇಲ್ಲದಿದ್ದರೆ ಪೇಪರ್ ಓದುವ ಹಿರಿಯರಷ್ಟೇ. ಒಮ್ಮೆ ಹೋಗಿ ನೋಡಿಬಿಡಿ.

ಓಡಾಟ ನೋಡಿದರೆ, ಊರಲ್ಲಿ ಮಕ್ಕಳೇ ನಡೆದು ಹೋಗುತ್ತಾರೆ. ಪೇಟೆಯಲ್ಲಿ ನೀವೇ ಕರೆದೊಯ್ಯಬೇಕು, ಅಲ್ವಾ?

ದೊಡ್ಡವನು ಎಂಟನೇ ತರಗತಿ, ಹುಡುಕಿ ಓದುವವನಾದರೆ ಧಾರವಾಡವೇ ಸರಿ. ಚಿಕ್ಕವಳಿಗೆ ಇನ್ನೂ ಓದಿನ ರುಚಿ ಹತ್ತಬೇಕಿದ್ದರೆ ತವರಿಗೆ ಕಳಿಸಿ, ಅಜ್ಜಿಯೂ ಸಿಗುತ್ತಾಳೆ.