ಹೀಟರ್ ಕಾಯಿಸುತ್ತೆ, ಫ್ಯಾನ್ ಹೊರಗೆ ತಳ್ಳುತ್ತೆ, ಬಿಲ್ ಮಾತ್ರ ನಾವು ಕಟ್ಟಬೇಕು

ಗ್ರೀನ್‌ಹೌಸ್‌ಗೆ ಆಟೊಮ್ಯಾಟಿಕ್ ಕಂಟ್ರೋಲರ್, ಅಂದರೆ ಒಳಗಿನ ಬಿಸಿ ನೋಡಿ ಹೀಟರ್, ಫ್ಯಾನ್ ತಾನೇ ಆನ್-ಆಫ್ ಮಾಡುವ ಪೆಟ್ಟಿಗೆ, ಹಾಕಿಸಬೇಕು ಅಂತಿರುವವರು ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು ಹಾಕಿಸಿಕೊಂಡು ಒಂದಿಡೀ ಚಳಿಗಾಲ ದಂಡ ಕಟ್ಟಿದ್ದೇನೆ.

ಕರೆಂಟ್ ಖರ್ಚು ಇಳಿಯುತ್ತೆ ಅಂತ ಹೇಳಿಯೇ ಮಾರಿದ್ದರು. ಮೊದಲ ತಿಂಗಳೇ ಬಿಲ್ ಏರಿತು. ಚಳಿ ಜಾಸ್ತಿ ಇತ್ತಲ್ಲ ಅಂತ ಸುಮ್ಮನಾದೆ. ಮುಂದಿನ ತಿಂಗಳೂ ಏರಿತು, ಫೋನ್ ಮಾಡಿದರೆ "ಗಿಡ ದೊಡ್ಡದಾಗಿದೆಯಲ್ಲ ಸಾರ್, ಅದಕ್ಕೇ" ಅಂದರು. ಗಿಡ ಬೆಳೆದರೆ ಹೀಟರ್ ಯಾಕೆ ಜಾಸ್ತಿ ಓಡಬೇಕು ಅಂತ ಕೇಳೋಕೆ ನನಗೆ ಆಗ ಹೊಳೆಯಲೇ ಇಲ್ಲ.

ಒಂದು ದಿನ ಬೆಳಗಾಗುವ ಹೊತ್ತಿಗೆ ಒಳಗೆ ಹೋದೆ. ಒಂದು ಕಡೆ ಹೀಟರ್ ಬಿಸಿ ಗಾಳಿ ಊದುತ್ತಿದೆ, ಇನ್ನೊಂದು ತುದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಅದೇ ಗಾಳಿಯನ್ನು ಹೊರಗೆ ಎಳೆದು ಹಾಕುತ್ತಿದೆ! ಎರಡೂ ಒಟ್ಟಿಗೆ.

ಸೆಟ್ಟಿಂಗ್ ನೋಡಿದೆ. ಹೀಟರ್ ನಿಲ್ಲುವುದು 18 ಡಿಗ್ರಿಗೆ, ಫ್ಯಾನ್ ಶುರುವಾಗುವುದು 19ಕ್ಕೆ. ನಡುವೆ ಒಂದೇ ಡಿಗ್ರಿ. ಹೀಟರ್ ಆಫ್ ಆದ ಮೇಲೂ ಅದರೊಳಗಿನ ಬಿಸಿ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತೆ, ಅಷ್ಟಕ್ಕೇ 19 ದಾಟಿ ಫ್ಯಾನ್ ಏಳುತ್ತೆ, ತಣ್ಣಗಾಗುತ್ತೆ, ಮತ್ತೆ ಹೀಟರ್. ರಾತ್ರಿಯಿಡೀ ಇದೇ ಕುಸ್ತಿ. ಅದು ಸಾಲದು ಅಂತ ಸೆನ್ಸರ್ ಬೇರೆ ಬೇರೆ. ಹೀಟರ್‌ನದ್ದು ಬಾಗಿಲ ಪಕ್ಕ, ತಣ್ಣನೆ ಗಾಳಿ ನುಗ್ಗುವ ಜಾಗದಲ್ಲಿ. ಫ್ಯಾನ್‌ನದ್ದು ಮೇಲೆ, ಬಿಸಿಲಿಗೆ ಮೈಯೊಡ್ಡಿಕೊಂಡು, ಮರೆ ಇಲ್ಲದೆ. ಗಿಡದ ಎತ್ತರದಲ್ಲಿ ನೆರಳು ಮಾಡಿ ಒಂದು ಥರ್ಮಾಮೀಟರ್ ತೂಗುಹಾಕಿದೆ, ಬಿಸಿಲು ಬಿದ್ದ ಮೇಲೆ ಫ್ಯಾನ್ ಸೆನ್ಸರ್ 5 ಡಿಗ್ರಿ ಹೆಚ್ಚು ತೋರಿಸುತ್ತಿತ್ತು.

ಕೇಳಿದರೆ, ತೇವ ಹೊರಗೆ ಹಾಕೋಕೆ ಬೇಕಂತಲೇ ಹಾಗೆ ಮಾಡಿದ್ದು ಅಂದರು. ಹಾಗೆ ಮಾಡುವುದು ಉಂಟು, ಇಲ್ಲ ಅನ್ನಲ್ಲ. ಎಲೆ ಮೇಲೆ ನೀರು ಕೂತು ರೋಗ ಬರಬಾರದು ಅಂತ ಸ್ವಲ್ಪ ಹೊತ್ತು ಕಾಯಿಸಿ ಗಾಳಿ ಬಿಡುತ್ತಾರೆ. ಆದರೆ ನಮ್ಮ ಪೆಟ್ಟಿಗೆಯಲ್ಲಿ ತೇವ ಅಳೆಯುವ ಸೆನ್ಸರೇ ಇಲ್ಲ, ಅದಕ್ಕೆ ಹೇಗೆ ಗೊತ್ತಾಯ್ತಂತೆ?

ಆಮೇಲೆ ಫ್ಯಾನ್ ವೇಗ ಇಳಿಸುವ ಡ್ರೈವ್ ಹಾಕಿಸಿ, 80% ವೇಗದಲ್ಲಿ ಓಡಿಸಿದರೆ ಕರೆಂಟ್ ಅರ್ಧ ಸಾಕು ಅಂತ ಶುರು ಮಾಡಿದರು. ಲೆಕ್ಕ ಹೆಚ್ಚುಕಮ್ಮಿ ನಿಜವೇ. ಆದರೆ ತಿರುಗಲೇಬಾರದ ಹೊತ್ತಲ್ಲಿ ತಿರುಗುವ ಫ್ಯಾನನ್ನು ನಿಧಾನ ಮಾಡಿ ಏನು ಉಳಿಸೋದು?

ನಾನೇ ನಡುವಿನ ಅಂತರ 4 ಡಿಗ್ರಿ ಮಾಡಿದೆ. ಎರಡಕ್ಕೂ ಒಂದೇ ಸೆನ್ಸರ್, ಬಿಳಿ ಡಬ್ಬಿಯೊಳಗೆ, ಗಾಳಿ ಆಡುವ ಹಾಗೆ ಪುಟ್ಟ ಫ್ಯಾನ್ ಸಮೇತ, ಗಿಡದ ಎತ್ತರದಲ್ಲಿ. ಬಿಲ್ ಇಳಿಯಿತು.

ನೀವು ಹಾಕಿಸುವುದಾದರೆ ಮಧ್ಯಾಹ್ನದ ಡೆಮೊಗೆ ಒಪ್ಪಬೇಡಿ, ಆ ಹೊತ್ತಲ್ಲಿ ಹೀಟರ್ ಏಳುವುದೇ ಇಲ್ಲ, ಎಲ್ಲ ಚೆನ್ನಾಗೇ ಕಾಣುತ್ತೆ. ಚಳಿ ಇರುವ ದಿನ ಹಾಕಿಕೊಟ್ಟವರೇ ಬೆಳಗಿನ ಜಾವ ಬಂದು ಎರಡು ಗಂಟೆ ಕಾಲ ನಿಲ್ಲಲಿ. ಬಾಕಿ ದುಡ್ಡು ಅದಾದ ಮೇಲೆ ಕೊಡಿ. ನಾನು ಪೂರ್ತಿ ಮೊದಲೇ ಕೊಟ್ಟುಬಿಟ್ಟಿದ್ದೆ, ಅದಕ್ಕೇ ಈಗ ಅವರು ಫೋನ್ ಎತ್ತೋದಿಲ್ಲ.